ಗೀಸರ್ ಹಾಕಿದರೆ ಇಡೀ ಮನೆಯ ಕರೆಂಟ್ ಹೋಗುತ್ತಿದ್ದರೆ

ಹೆಚ್ಚಾಗಿ ಗೀಸರ್‌ನಲ್ಲಿ ನೀರು ಕಾಯಿಸುವ ಕಾಯಿಲ್ ಕೆಟ್ಟಿರುತ್ತದೆ. ಮೈಸೂರಿನ ಗೋಕುಲಂನಲ್ಲಿ ಮೂರು ತಿಂಗಳಿಗೆ ಸರ್ವೀಸ್ ಅಪಾರ್ಟ್‌ಮೆಂಟ್ ಹಿಡಿದಿದ್ದೀರಿ, ಗೀಸರ್ ಹಾಕಿದ ತಕ್ಷಣ ಮನೆಯಿಡೀ ಟ್ರಿಪ್ ಆಗುತ್ತೆ, ನಲ್ಲಿ ಬಾಯಲ್ಲಿ ಬಿಳಿ ಪುಡಿ ಕಟ್ಟಿದೆ ಅಂದಿದ್ದೀರಿ. ಮೈಸೂರಿಗೆ ಕಾವೇರಿ ನೀರು ಬರುತ್ತದೆ ನಿಜ, ಆದರೆ ನೆಲದಡಿಯ ಸಂಪ್‌ಗೆ ಬೋರ್ ನೀರನ್ನೂ ಬಿಡೋ ಕಟ್ಟಡಗಳಿವೆ. ಆ ಗಡಸು ನೀರಿನ ಸುಣ್ಣ ಕಾಯಿಲ್ ಮೇಲೆ ಕೂತು ಕಾಯಿಲ್ ಬಿರುಕು ಬಿಡುತ್ತದೆ, ಕರೆಂಟ್ ನೀರಿಗೆ ಸೋರುತ್ತದೆ. ವೈರಿಂಗ್ ದೋಷವೂ ಇರಬಹುದು, ಬಿಚ್ಚಿ ನೋಡದೆ ಹೇಳೋಕಾಗಲ್ಲ.

ಮೊದಲು ಗೀಸರ್ ಆಫ್ ಮಾಡಿ, ಬೋರ್ಡ್‌ನಲ್ಲಿ ಅದರ ಎಂಸಿಬಿಯನ್ನೂ (ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಮಿಕ್ಕಿದ್ದೆಲ್ಲ ಸರಿಯಾಗಿ ನಡೆದರೆ ತೊಂದರೆ ಆ ಲೈನಿನದೇ. ಸುಮ್ನೆ ಮತ್ತೆ ಮತ್ತೆ ಹಾಕಿ ನೋಡಬೇಡಿ. ಟ್ರಿಪ್ ಆಗಿ ಮನೆಯಿಡೀ ಕರೆಂಟ್ ಕಡಿಯುವ ಸ್ವಿಚ್ಚೇ ನಿಮ್ಮನ್ನು ಶಾಕ್‌ನಿಂದ ಕಾಯುತ್ತಿರೋದು. ಅದನ್ನು ಬೈಪಾಸ್ ಮಾಡ್ತೀನಿ ಅಂತ ಯಾರಾದರೂ ಬಂದರೆ ಬಾಗಿಲಿಂದಲೇ ವಾಪಸ್ ಕಳಿಸಿ.

ಕೇರ್‌ಟೇಕರ್‌ಗೆ ಬಾಯಲ್ಲಿ ಹೇಳೋದು ಬಿಡಿ. "ನಾಳೆ ಕಳಿಸ್ತೀವಿ ಸಾರ್" ಅನ್ನೋದಕ್ಕೆ ಕೊನೆಯಿಲ್ಲ. ಬಿದ್ದ ಸ್ವಿಚ್‌ನ ಫೋಟೊ ತೆಗೆದು ಮ್ಯಾನೇಜರ್‌ಗೆ ವಾಟ್ಸಾಪ್ ಮಾಡಿ, ಆ್ಯಪ್‌ನಲ್ಲಿ ಬುಕ್ ಮಾಡಿದ್ದರೆ ಅಲ್ಲೂ ದೂರು ಹಾಕಿ. ಎಲೆಕ್ಟ್ರಿಷಿಯನ್ ಯಾವತ್ತು, ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಕೇಳಿ. ಅಲ್ಲಿಯವರೆಗೆ ಖಾಲಿ ಇರುವ ರೂಮಿನ ಬಾತ್‌ರೂಮ್ ಕೊಡಿ ಅನ್ನಿ. ಮುಂದಿನ ತಿಂಗಳ ಬಾಡಿಗೆ ಕಟ್ಟೋ ಮುಂಚೆ ಕೇಳಿದರೆ ಕೆಲಸ ಬೇಗ ಆಗುತ್ತೆ, ಅಲ್ವಾ?

ನೀವೇ ಹೊರಗಿನವರನ್ನು ಕರೆಸೋದಾದರೆ, ಆ ಖರ್ಚನ್ನು ಬಾಡಿಗೆಯಲ್ಲಿ ಕಳೆಯುತ್ತೇವೆ ಅಂತ ಮೊದಲೇ ಬರೆಸಿಕೊಳ್ಳಿ. ಕಾಯಿಲ್ ಬದಲಿಸುವಾಗ ಟ್ಯಾಂಕ್ ಒಳಗಿನ ಸುಣ್ಣವನ್ನೂ ತೆಗೆಸಿಬಿಡಿ.