ಗಿಟಾರಿಗೆ ಎಷ್ಟು ದಪ್ಪದ ತಂತಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಪದವಿ ಓದುತ್ತಿರುವ ವಿದ್ಯಾರ್ಥಿ. ಎರಡು ವರ್ಷಗಳಿಂದ ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೇನೆ. ವಚನ ಮತ್ತು ತತ್ವಪದಗಳ ಧಾಟಿಗಳನ್ನು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವಿಕೆ) ಸಮೇತ ಅದರಲ್ಲಿ ತರಬೇಕೆಂಬುದು ನನ್ನ ಆಸೆ. ಮೊದಲು ಒಂಬತ್ತರ ಸೆಟ್ ಇತ್ತು. ನಾದ ತೆಳುವಾಗಿದೆ, ಹನ್ನೊಂದರ ಸೆಟ್ ಹಾಕಿದರೆ ತೂಕ ಬರುತ್ತದೆ ಎಂದು ಹಿರಿಯರೊಬ್ಬರು ಹೇಳಿದ್ದರಿಂದ ಬದಲಿಸಿದೆ. ಈಗ ತಂತಿಗಳ ಬುಡವನ್ನು ಹಿಡಿದಿರುವ ಬ್ರಿಡ್ಜ್‌ನ ಹಿಂಭಾಗ ಮೇಲೆದ್ದಿದೆ, ಶ್ರುತಿ ಮಾಡುವಾಗ ಮೂರನೆಯ ತಂತಿ ಟಿಣ್ ಎಂದು ಸದ್ದು ಮಾಡಿ ಜಿಗಿಯುತ್ತದೆ, ಷಡ್ಜದಿಂದ ಶುದ್ಧ ರಿಷಭಕ್ಕೆ ಎಳೆದರೆ ಮೀಂಡ್ ಕೋಮಲ ರಿಷಭದಲ್ಲೇ ನಿಲ್ಲುತ್ತದೆ. ತಪ್ಪು ತಂತಿಯದೋ, ನನ್ನ ಬೆರಳಿನದೋ?

ಉತ್ತರ: ಎರಡರದೂ ಅಲ್ಲ. ಒಂಬತ್ತರ ತಂತಿಗೆ ಹೊಂದಿಸಿದ್ದ ವಾದ್ಯಕ್ಕೆ ಹನ್ನೊಂದರ ತಂತಿ ಏರಿಸಿ, ವಾದ್ಯವನ್ನು ಮಾತ್ರ ಇದ್ದಂತೆಯೇ ಬಿಟ್ಟದ್ದರಿಂದ ಈ ಮೂರೂ ತೊಂದರೆಗಳು ಒಟ್ಟಿಗೆ ಬಂದಿವೆ. ಹಲವು ವರ್ಷಗಳ ಹಿಂದೆ ಕಾರ್ಯಕ್ರಮವೊಂದರ ಹಿಂದಿನ ರಾತ್ರಿ ನಾನೂ ಹೀಗೆಯೇ ದಪ್ಪ ತಂತಿ ಏರಿಸಿ, ಮರುದಿನ ವೇದಿಕೆಯ ಮೇಲೆ ಪ್ರತಿ ಹಾಡಿನ ನಡುವೆಯೂ ಶ್ರುತಿ ಸರಿಪಡಿಸುತ್ತ ನಿಂತಿದ್ದೆ. ಹಾಗಾಗಿ ನಿಮ್ಮ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಒಂಬತ್ತು, ಹತ್ತು, ಹನ್ನೊಂದು ಎಂಬ ಈ ಅಂಕಿಗಳು ಸೆಟ್‌ನ ಅತ್ಯಂತ ತೆಳುವಾದ ಮೊದಲನೆಯ ತಂತಿಯ ದಪ್ಪವನ್ನು ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತವೆ. ಒಂಬತ್ತರ ತಂತಿ ಸುಮಾರು 0.23 ಮಿಲಿಮೀಟರ್, ಹನ್ನೊಂದರದು ಸುಮಾರು 0.28 ಮಿಲಿಮೀಟರ್. ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಆದರೆ ಒಂದೇ ಉದ್ದದ ತಂತಿಯನ್ನು ಒಂದೇ ಸ್ವರಕ್ಕೆ ಬಿಗಿಸಲು ಬೇಕಾಗುವ ಸೆಳೆತ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಒಂಬತ್ತರಿಂದ ಹತ್ತಕ್ಕೆ ಹೋದರೆ ಸೆಳೆತ ಕಾಲು ಪಾಲಿನಷ್ಟು ಹೆಚ್ಚುತ್ತದೆ, ಹನ್ನೊಂದಕ್ಕೆ ಹೋದರೆ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ನಿಮ್ಮ ವಾದ್ಯದಂತೆ 25.5 ಇಂಚು ಸ್ಕೇಲ್ ಉದ್ದ, ಅಂದರೆ ಕಂಪಿಸುವ ತಂತಿಯ ಉದ್ದ, ಇರುವ ಗಿಟಾರಿನಲ್ಲಿ ಮೊದಲನೆಯ ತಂತಿಯನ್ನು ರೂಢಿಯಂತೆ ‘ಇ’ (E) ಸ್ವರಕ್ಕೆ ಬಿಗಿಸಿದಾಗ ಒಂಬತ್ತರದು ಸುಮಾರು 6 ಕಿಲೋ, ಹತ್ತರದು 7.3 ಕಿಲೋ, ಹನ್ನೊಂದರದು 8.9 ಕಿಲೋ ಭಾರದಷ್ಟು ಎಳೆಯುತ್ತದೆ. ಆರೂ ತಂತಿಗಳನ್ನು ಕೂಡಿಸಿದರೆ ಒಂಬತ್ತರ ಸೆಟ್ 38-39 ಕಿಲೋ, ಹತ್ತರದು ಸುಮಾರು 47 ಕಿಲೋ ಎಳೆದರೆ, ಹನ್ನೊಂದರದು 50 ಕಿಲೋ ದಾಟುತ್ತದೆ. ನಿಮ್ಮ ಬ್ರಿಡ್ಜ್‌ನ ಹಿಂದಿರುವ ಸ್ಪ್ರಿಂಗುಗಳನ್ನು 38 ಕಿಲೋಗೆ ಸರಿತೂಗುವಂತೆ ಬಿಗಿಸಲಾಗಿತ್ತು. ಹೆಚ್ಚಿನ ಭಾರವನ್ನು ಅವು ತಡೆಯಲಾಗಲಿಲ್ಲ, ಬ್ರಿಡ್ಜ್ ಎದ್ದಿತು. ಬ್ರಿಡ್ಜ್ ಎದ್ದರೆ ತಂತಿಗಳೆಲ್ಲ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಿಂದ ಮೇಲಕ್ಕೆ ಸರಿಯುತ್ತವೆ. ಆಗ ಒತ್ತುವುದೂ ಎಳೆಯುವುದೂ ಮತ್ತಷ್ಟು ಕಷ್ಟವಾಗುತ್ತದೆ.

ಮೀಂಡ್‌ನ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದಪ್ಪ ತಂತಿಯನ್ನು ಹೆಚ್ಚು ದೂರ ಎಳೆಯಬೇಕಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಸುತ್ತಿಲ್ಲದ ಬರಿ ಉಕ್ಕಿನ ತಂತಿಯ ಮಟ್ಟಿಗೆ ಅದು ನಿಜವಲ್ಲ. ಒಂದೇ ಉದ್ದ, ಒಂದೇ ಸ್ವರ ಇದ್ದಾಗ ತಂತಿಯ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಒತ್ತಡ ತೆಳು ತಂತಿಯಲ್ಲೂ ದಪ್ಪ ತಂತಿಯಲ್ಲೂ ಒಂದೇ ಆಗಿರುತ್ತದೆ. ಆದ್ದರಿಂದ ಶುದ್ಧ ರಿಷಭ ಮುಟ್ಟಲು ಬೆರಳು ಸರಿಯಬೇಕಾದ ದೂರವೂ ಒಂದೇ. ಬದಲಾಗುವುದು ಆ ದೂರಕ್ಕೆ ಬೇಕಾಗುವ ಬಲ. ಒಂಬತ್ತರಲ್ಲಿ ಎರಡು ವರ್ಷ ಪಳಗಿದ ಬೆರಳು ಅದೇ ಬಲ ಹಾಕಿದರೆ ಹನ್ನೊಂದರಲ್ಲಿ ದಾರಿಯ ನಡುವೆಯೇ ನಿಲ್ಲುತ್ತದೆ, ಮೇಲೆದ್ದ ಬ್ರಿಡ್ಜ್ ಆ ಕಷ್ಟವನ್ನು ಇನ್ನೂ ಹೆಚ್ಚಿಸುತ್ತದೆ. ಕೋಮಲ ರಿಷಭದಲ್ಲಿ ನಿಂತದ್ದಕ್ಕೆ ಕಾರಣ ಇದು, ನಿಮ್ಮ ಸ್ವರಜ್ಞಾನದಲ್ಲಿ ಕೊರತೆಯಿಲ್ಲ.

ಇನ್ನು ನಾದ. ಹಿರಿಯರು ಹೇಳಿದ್ದರಲ್ಲಿ ಸತ್ಯವಿದೆ. ದಪ್ಪ ತಂತಿಯಲ್ಲಿ ಉಕ್ಕು ಹೆಚ್ಚಿರುವುದರಿಂದ ಪಿಕಪ್‌ನ ಅಯಸ್ಕಾಂತದ ಮುಂದೆ ಅದು ಕಂಪಿಸಿದಾಗ ಹುಟ್ಟುವ ಸಂಕೇತ ಸ್ವಲ್ಪ ಬಲವಾಗಿರುತ್ತದೆ. ಜೋರಾಗಿ ಮೀಟಿದರೂ ಅದು ಫ್ರೆಟ್‌ಗೆ ಬಡಿದು ಕಿರಗುಡುವುದು ಕಡಿಮೆ. ಮಂದ್ರ ತಂತಿಗಳಲ್ಲಿ ಸ್ವರ ಗಟ್ಟಿಯಾಗಿ ಕೂರುತ್ತದೆ. ಆಂಪ್ಲಿಫೈಯರಿನಲ್ಲಿ ಶುದ್ಧ ಧ್ವನಿ ಇಟ್ಟಾಗ ಇದು ಕಿವಿಗೆ ತಿಳಿಯುತ್ತದೆ, ಡಿಸ್ಟಾರ್ಷನ್ ಹಾಕಿದಷ್ಟೂ ಮರೆಯಾಗುತ್ತದೆ. ಆದರೆ ತೆಳು ತಂತಿಯಿಂದ ತೂಕದ ನಾದ ಬರುವುದೇ ಇಲ್ಲ ಎಂಬುದನ್ನು ನಾನು ಒಪ್ಪಲಾರೆ. ಝೀಝೀ ಟಾಪ್ ತಂಡದ ಬಿಲ್ಲಿ ಗಿಬ್ಬನ್ಸ್ ಏಳು, ಎಂಟರಷ್ಟು ತೆಳುವಾದ ತಂತಿಗಳಲ್ಲಿ ನುಡಿಸುವುದಕ್ಕೆ ಹೆಸರಾದವರು. ಅವರ ನಾದವನ್ನು ಯಾರೂ ಬಡಕಲು ಎನ್ನುವುದಿಲ್ಲ. ತಂತಿ ಬದಲಿಸುವ ಮೊದಲು ಪಿಕಪ್‌ನ ಎತ್ತರವನ್ನು ಸ್ಕ್ರೂ ತಿರುಗಿಸಿ ಸ್ವಲ್ಪ ಏರಿಸಿ ನೋಡಿ, ದಪ್ಪ ಪ್ಲೆಕ್ಟ್ರಮ್‌ನಲ್ಲಿ ಮೀಟಿ ನೋಡಿ, ಬ್ರಿಡ್ಜ್ ಹತ್ತಿರ ಮೀಟುವ ಬದಲು ಕುತ್ತಿಗೆಯ ಕಡೆಗೆ ಎರಡು ಬೆರಳು ಸರಿದು ಮೀಟಿ ನೋಡಿ. ಮತ್ತೊಂದು ಮಾತು: ತಿಂಗಳುಗಟ್ಟಲೆ ಬೆವರು ಕುಡಿದ ಹಳೆಯ ಒಂಬತ್ತನ್ನು ಹೊಚ್ಚ ಹೊಸ ಹನ್ನೊಂದರ ಜೊತೆ ಹೋಲಿಸಿದರೆ ಗೆಲ್ಲುವುದು ಹೊಸತನವೇ ಹೊರತು ದಪ್ಪವಲ್ಲ. ಹೋಲಿಸುವುದಾದರೆ ಹೊಸತನ್ನು ಹೊಸತರ ಜೊತೆಯೇ ಹೋಲಿಸಬೇಕು.

ನಿಮ್ಮ ಉದ್ದೇಶಕ್ಕೆ ನಾನು ಹೇಳುವುದು 9-46 ಎಂಬ ಮಿಶ್ರ ಸೆಟ್. ಇದರ ಮೇಲಿನ ಮೂರು ತಂತಿಗಳು ಒಂಬತ್ತರ ಸೆಟ್‌ನವು, ಅಂದರೆ 9, 11, 16; ಕೆಳಗಿನ ಮೂರು ಹತ್ತರ ಸೆಟ್‌ನವು, ಅಂದರೆ 26, 36, 46. ತತ್ವಪದಕಾರರು ಏಕತಾರಿಯಲ್ಲಿ ಒಂದೇ ಶ್ರುತಿ ಹಿಡಿದು ಅದರ ಮೇಲೆ ಪದ ಹಾಡುವುದನ್ನು ನಮ್ಮ ಭಾಗದಲ್ಲಿ ಬೆಳೆದ ನೀವು ಕೇಳಿಯೇ ಇರುತ್ತೀರಿ. ಅದೇ ಕೆಲಸವನ್ನು ಮಂದ್ರದ ದಪ್ಪ ತಂತಿಗಳಿಗೆ ವಹಿಸಿ, ತೆಳು ತಂತಿಗಳನ್ನು ಮೀಂಡ್‌ಗೆ ಬಿಟ್ಟುಕೊಡಿ.

ಹಾಕುವಾಗ ಹನ್ನೊಂದನ್ನೆಲ್ಲ ಒಮ್ಮೆಲೇ ಬಿಚ್ಚದೆ, ಒಂದೊಂದಾಗಿ ಬದಲಿಸಿ. ಹಿಂಬದಿಯ ಮುಚ್ಚಳ ತೆಗೆದರೆ ಸ್ಪ್ರಿಂಗುಗಳನ್ನು ಹಿಡಿದಿರುವ ಕೊಕ್ಕೆಯ ತಗಡು ಮತ್ತು ಅದರ ಎರಡು ಉದ್ದ ಸ್ಕ್ರೂಗಳು ಕಾಣುತ್ತವೆ. ಶ್ರುತಿ ಮಾಡಿ, ಬ್ರಿಡ್ಜ್ ಎದ್ದಿದ್ದರೆ ಎರಡೂ ಸ್ಕ್ರೂಗಳನ್ನು ಅರ್ಧ ಸುತ್ತು ಬಿಗಿ ಮಾಡಿ, ಮತ್ತೆ ಶ್ರುತಿ ಮಾಡಿ, ಬ್ರಿಡ್ಜ್ ಮೊದಲಿನ ಸ್ಥಿತಿಗೆ ಬರುವವರೆಗೂ ಹೀಗೇ ಮಾಡುತ್ತ ಹೋಗಿ. ಇದಕ್ಕೆ ಒಂದು ಗಂಟೆ ಹಿಡಿದರೂ ಅವಸರ ಬೇಡ. ಆಮೇಲೆ ಕುತ್ತಿಗೆಯ ಬಾಗು ನೋಡಿ: ಆರನೆಯ ತಂತಿಯನ್ನು ಒಂದನೆಯ ಮತ್ತು ಹದಿನೇಳನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದಾಗ ಏಳನೆಯ ಫ್ರೆಟ್‌ ಹತ್ತಿರ ಕಾಲು ಮಿಲಿಮೀಟರ್ ಸಂದು ಉಳಿಯಬೇಕು. ಹತ್ತರ ಹಳೆಯ ತಂತಿಯ ತುಂಡೊಂದಿದ್ದರೆ ಅದರ ದಪ್ಪವೇ 0.25 ಮಿಲಿಮೀಟರ್, ಅದನ್ನೇ ಸಂದಿನಲ್ಲಿ ತೂರಿಸಿ ಅಳೆಯಬಹುದು. ಟಿಣ್ ಎಂಬ ಸದ್ದು ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಹೋಗುವ ಸೀಳುಪಟ್ಟಿಯಾದ ನಟ್‌ನ ಸೀಳಿನಲ್ಲಿ ತಂತಿ ಸಿಕ್ಕಿಕೊಂಡು ಬಿಡಿಸಿಕೊಳ್ಳುವ ಸದ್ದು. ಮೃದುವಾದ ಪೆನ್ಸಿಲಿನ ತುದಿಯನ್ನು ಸೀಳಿನಲ್ಲಿ ಉಜ್ಜಿದರೆ ತಂತಿ ಜಾರುತ್ತದೆ. ಅಷ್ಟಾದರೂ ದಪ್ಪ ತಂತಿಗಳು ಸಿಕ್ಕಿಕೊಂಡರೆ ಮಾತ್ರ ಸೀಳನ್ನು ಅಗಲ ಮಾಡಿಸಿ, ಅದನ್ನೂ ಬಲ್ಲವರಿಂದಲೇ ಮಾಡಿಸಿ. ನಟ್ ಒಮ್ಮೆ ಹೆಚ್ಚು ಸವೆದರೆ ಹೊಸದನ್ನೇ ಕೂರಿಸಬೇಕಾಗುತ್ತದೆ.

ಪ್ರಶ್ನೆ: ಬೀದರಿನ ನಮ್ಮ ಚರ್ಚಿನ ವಾದ್ಯವೃಂದದಲ್ಲಿ ನಾನು ಲೆಸ್ ಪಾಲ್ ಮಾದರಿಯ ಗಿಟಾರ್ ನುಡಿಸುತ್ತೇನೆ. ಹಾಡುವವರ ಅನುಕೂಲಕ್ಕೆ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿಕೊಂಡಿದ್ದೇವೆ. ಹತ್ತರ ತಂತಿ ಈಗ ಸಡಿಲವೆನಿಸುತ್ತದೆ, ಕಾರ್ಡ್ (ಹಲವು ಸ್ವರಗಳನ್ನು ಒಟ್ಟಿಗೆ) ಹಿಡಿದರೆ ಸ್ವರ ಏರಿದಂತೆ ಕೇಳುತ್ತದೆ. ಹನ್ನೊಂದು ಹಾಕಬಹುದೇ? ದಪ್ಪ ತಂತಿ ಬೇಸಿಗೆಯಲ್ಲಿ ಶ್ರುತಿಯನ್ನು ಚೆನ್ನಾಗಿ ಹಿಡಿಯುತ್ತದೆ ಎನ್ನುವುದು ನಿಜವೇ?

ಉತ್ತರ: ಧಾರಾಳವಾಗಿ ಹಾಕಿ. ಮೇಲಿನ ವಿದ್ಯಾರ್ಥಿಗೆ ಬೇಡವೆಂದ ಹನ್ನೊಂದೇ ನಿಮಗೆ ಸರಿಯಾದದ್ದು. ನಿಮ್ಮ ಗಿಟಾರಿನ ಸ್ಕೇಲ್ ಉದ್ದ ಸಾಮಾನ್ಯವಾಗಿ 24.75 ಇಂಚು. ಉದ್ದ ಕಡಿಮೆಯಾದಷ್ಟೂ ಅದೇ ಸ್ವರಕ್ಕೆ ಬೇಕಾಗುವ ಸೆಳೆತ ಕಡಿಮೆ. ಅದರ ಮೇಲೆ ಅರ್ಧ ಸ್ವರ ಇಳಿಸಿದಾಗ ಇನ್ನೂ ಶೇಕಡಾ 11ರಷ್ಟು ಸೆಳೆತ ಇಳಿಯುತ್ತದೆ. ಲೆಕ್ಕ ಹಾಕಿದರೆ ನಿಮ್ಮ ಹತ್ತರ ಮೊದಲನೆಯ ತಂತಿ ಈಗ ಸುಮಾರು 6.2 ಕಿಲೋ ಮಾತ್ರ ಎಳೆಯುತ್ತಿದೆ, ಅಂದರೆ ಉದ್ದ ಸ್ಕೇಲಿನ ಗಿಟಾರಿನಲ್ಲಿ ಒಂಬತ್ತರ ತಂತಿ ಎಳೆಯುವಷ್ಟು. ಹನ್ನೊಂದು ಹಾಕಿದರೆ ಅದು 7.5 ಕಿಲೋಗೆ ಏರಿ, ಉದ್ದ ಸ್ಕೇಲಿನ ಹತ್ತರ ಹದಕ್ಕೆ ಬರುತ್ತದೆ. ಟೆಕ್ಸಾಸಿನ ಸ್ಟೀವಿ ರೇ ವಾನ್ ಹದಿಮೂರರಷ್ಟು ದಪ್ಪ ತಂತಿ ಬಳಸುತ್ತಿದ್ದರೆಂದು ಎಲ್ಲರೂ ಹೇಳುತ್ತಾರೆ. ಅವರು ಅರ್ಧ ಸ್ವರ ಇಳಿಸಿ ನುಡಿಸುತ್ತಿದ್ದರೆಂಬುದನ್ನು ಅದರ ಜೊತೆಗೆ ಹೇಳುವವರು ಕಡಿಮೆ.

ಕಾರ್ಡ್ ಹಿಡಿದಾಗ ಸ್ವರ ಏರುವುದು ಸಡಿಲ ತಂತಿಯ ಗುಣ. ಸಡಿಲವಾಗಿರುವ ತಂತಿ ಬೆರಳು ಒತ್ತಿದಷ್ಟೂ ಬಗ್ಗುತ್ತದೆ, ಬಗ್ಗಿದಷ್ಟೂ ಸ್ವರ ಮೇಲೇರುತ್ತದೆ. ಹನ್ನೊಂದು ಹಾಕಿದ ಮೇಲೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ, ಆದರೂ ಪ್ರತಿ ತಂತಿಯ ಹನ್ನೆರಡನೆಯ ಫ್ರೆಟ್‌ನ ಸ್ವರವನ್ನು ಟ್ಯೂನರಿನಲ್ಲಿ ನೋಡಿ, ತಂತಿಗಳು ಕೂರುವ ಪುಟ್ಟ ತುಂಡುಗಳಾದ ಬ್ರಿಡ್ಜ್‌ನ ಸ್ಯಾಡಲ್‌ಗಳನ್ನು ಸರಿಪಡಿಸಲೇಬೇಕು: ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಬೇಸಿಗೆಯ ಮಾತು ನಿಜವಲ್ಲ. ಬಿಸಿಗೆ ಉಕ್ಕು ಹಿಗ್ಗುತ್ತದೆ, ತಂತಿ ಸಡಿಲಾಗಿ ಶ್ರುತಿ ಇಳಿಯುತ್ತದೆ. ಬರಿ ಉಕ್ಕಿನ ತಂತಿಗಳಲ್ಲಿ ಈ ಇಳಿತ ದಪ್ಪವನ್ನು ಅವಲಂಬಿಸಿಲ್ಲ. ಮೇ ತಿಂಗಳಲ್ಲಿ ಕಲಬುರಗಿಗೆ ಕಾರ್ಯಕ್ರಮಕ್ಕೆ ಹೋಗುವಾಗ ಗಿಟಾರನ್ನು ಕಾರಿನ ಡಿಕ್ಕಿಯಲ್ಲಿ ಇಡದೆ ನಿಮ್ಮ ಜೊತೆ ಒಳಗೇ ಇಟ್ಟುಕೊಳ್ಳಿ, ಸಭಾಂಗಣಕ್ಕೆ ಅರ್ಧ ಗಂಟೆ ಮೊದಲೇ ತಂದು ಆ ಗಾಳಿಗೆ ಹೊಂದಿಕೊಳ್ಳಲು ಬಿಟ್ಟು, ಆಮೇಲೆ ಶ್ರುತಿ ಮಾಡಿ.

ಪ್ರಶ್ನೆ: ನಾವು ಯಾದಗಿರಿಯವರು. ಹದಿಮೂರು ವರ್ಷದ ನನ್ನ ಮಗಳು ನಾಲ್ಕು ತಿಂಗಳಿಂದ ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದಾಳೆ. ಅಂಗಡಿಯವರು ಹತ್ತರ ತಂತಿ ಹಾಕಿ ಕೊಟ್ಟಿದ್ದಾರೆ. ಬೆರಳ ತುದಿಯಲ್ಲಿ ಗೆರೆ ಬಿದ್ದು ಕೆಂಪಾಗುತ್ತದೆ, ಎಫ್ ಕಾರ್ಡ್ ಬಂದರೆ ಅಳುತ್ತಾಳೆ. ತೆಳು ತಂತಿ ಹಾಕಿದರೆ ಕೈ ಕೆಡುತ್ತದೆ ಎಂದು ಅವಳ ಗುರುಗಳು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಗುರುಗಳ ಮಾತನ್ನು ಗೌರವದಿಂದ ಕೇಳಿ, ಆದರೆ ಮೊದಲು ವಾದ್ಯವನ್ನು ಪರೀಕ್ಷಿಸಿ. ಒಂದೊಂದು ತಂತಿಯನ್ನೂ ಎರಡು ಮತ್ತು ಮೂರನೆಯ ಫ್ರೆಟ್‌ಗಳ ನಡುವೆ ಒತ್ತಿ ಹಿಡಿದು, ಮೊದಲನೆಯ ಫ್ರೆಟ್‌ನ ಮೇಲೆ ತಂತಿಗೂ ಲೋಹಕ್ಕೂ ನಡುವೆ ಎಷ್ಟು ಸಂದಿದೆ ಎಂದು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಸಂದು ಸಾಕು. ಅದಕ್ಕಿಂತ ಎದ್ದು ಕಾಣುವಷ್ಟಿದ್ದರೆ ನಟ್‌ನ ಸೀಳುಗಳು ಆಳವಾಗಿಲ್ಲ ಎಂದರ್ಥ. ಎಫ್ ಕಾರ್ಡ್ ನಟ್‌ನ ಪಕ್ಕದಲ್ಲೇ ಇರುವುದರಿಂದ ಅದರ ಕಷ್ಟವೆಲ್ಲ ಅಲ್ಲಿಯೇ ಹುಟ್ಟುತ್ತದೆ. ಇದನ್ನು ಸರಿಪಡಿಸದೆ ಎಷ್ಟೇ ತೆಳು ತಂತಿ ಹಾಕಿದರೂ ಮಗುವಿನ ಅಳು ನಿಲ್ಲುವುದಿಲ್ಲ. ಯಾದಗಿರಿಯಲ್ಲಿ ಗಿಟಾರ್ ಕೆಲಸ ಬಲ್ಲವರು ಸಿಗದಿದ್ದರೆ ಕಲಬುರಗಿಗೋ ಹೈದರಾಬಾದಿಗೋ ಹೋದಾಗ ವಾದ್ಯವನ್ನೂ ಒಯ್ಯಿರಿ.

ಆಮೇಲೆ ಒಂಬತ್ತರ ಸೆಟ್ ಹಾಕಿ. ಅದೂ ಕಷ್ಟವಾದರೆ ಎಂಟರದು. ತೆಳು ತಂತಿ ಕಲಿಯುವವರಿಗಷ್ಟೇ ಎಂಬ ಭಾವನೆ ಬೇಡ. ಹಿಂದೆ ಎಲೆಕ್ಟ್ರಿಕ್ ಗಿಟಾರಿನ ಸೆಟ್‌ಗಳು ದಪ್ಪವಾಗಿ, ಮೂರನೆಯ ತಂತಿಯೂ ಸುತ್ತಿದ್ದಾಗಿ ಬರುತ್ತಿತ್ತು. ಸುಲಭವಾಗಿ ಎಳೆಯಬೇಕೆನ್ನುವ ವಾದಕರು ಮೊದಲನೆಯದರ ಜಾಗದಲ್ಲಿ ಬ್ಯಾಂಜೊ ತಂತಿ ಹಾಕಿಕೊಳ್ಳುತ್ತಿದ್ದರು. ಆ ಕೊರತೆ ಕಂಡ ಕ್ಯಾಲಿಫೋರ್ನಿಯದ ಎರ್ನಿ ಬಾಲ್ 1962ರಲ್ಲಿ ಸ್ಲಿಂಕಿ ಎಂಬ ಹಗುರ ಸೆಟ್ ಮಾರಾಟಕ್ಕೆ ತಂದರು. ಬ್ಲ್ಯಾಕ್ ಸಬ್ಬಾತ್ ತಂಡದ ಟೋನಿ ಐಯೊಮಿ 1965ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯೊಂದರಲ್ಲಿ ಎರಡು ಬೆರಳುಗಳ ತುದಿ ಕಳೆದುಕೊಂಡರು. ತೆಳು ತಂತಿ ಹಾಕಿಕೊಂಡೇ ಅವರು ಮತ್ತೆ ನುಡಿಸಿದರು, ಅವರ ನಾದವಂತೂ ಭಾರಕ್ಕೇ ಹೆಸರಾಯಿತು.

ಗುರುಗಳ ಆತಂಕಕ್ಕೂ ಒಂದು ಆಧಾರವಿದೆ. ತೆಳು ತಂತಿಯನ್ನು ಬಿಗಿಯಾಗಿ ಅದುಮಿದರೆ ಸ್ವರ ಏರುತ್ತದೆ, ಮಗುವಿಗೆ ಅದು ಗೊತ್ತಾಗದೆ ಅಭ್ಯಾಸವಾಗಿಬಿಡುತ್ತದೆ. ಅದಕ್ಕೆ ದಿನವೂ ಐದು ನಿಮಿಷ ಟ್ಯೂನರನ್ನು ಮುಂದಿಟ್ಟುಕೊಂಡು, ಒಂದು ಸ್ವರವನ್ನು ಮೊದಲು ಬಲವಾಗಿ ಒತ್ತಿ, ಮುಳ್ಳು ಎಲ್ಲಿಗೆ ಹೋಗುತ್ತದೆ ಎಂದು ನೋಡಿ, ನಿಧಾನವಾಗಿ ಒತ್ತಡ ಇಳಿಸುತ್ತ ಮುಳ್ಳು ನಡುವೆ ಬಂದು ನಿಲ್ಲುವ ಹದವನ್ನು ಅವಳೇ ಕಂಡುಕೊಳ್ಳಲಿ. ಬೆರಳು ಫ್ರೆಟ್‌ನ ಲೋಹಕ್ಕೆ ಹತ್ತಿರವಿದ್ದಷ್ಟೂ ಕಡಿಮೆ ಒತ್ತಡ ಸಾಕು. ಬೆರಳ ತುದಿಯ ಗೆರೆ ಮತ್ತು ಉರಿ ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾದಂತೆ ಹೋಗುತ್ತದೆ. ಮಣಿಕಟ್ಟು ನೋವು ಅಥವಾ ಬೆರಳು ಜೋಮು ಕಾಣಿಸಿಕೊಂಡರೆ ಮಾತ್ರ ನುಡಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹತ್ತಕ್ಕೆ ಮರಳುವುದು ಯಾವಾಗ ಎಂದು ದಿನ ಗೊತ್ತುಮಾಡಬೇಡಿ. ಜೋರಾಗಿ ಮೀಟಿದಾಗ ತಂತಿ ಕೈಗೆ ಸಿಗುತ್ತಿಲ್ಲ, ಸಡಿಲವಾಗಿದೆ ಎಂದು ಒಂದು ದಿನ ಅವಳೇ ಹೇಳುತ್ತಾಳೆ, ಆಗ ಬದಲಿಸಿ.