ಗೆರೆ ನೆಟ್ಟಗಿದ್ದರೆ ನಕ್ಷೆಯೂ ನೆಟ್ಟಗೇ?

ಪ್ರಶ್ನೆ: ಅಮೆರಿಕದ ಹಲವು ರಾಜ್ಯಗಳಲ್ಲಿ ಅಧಿಕಾರದಲ್ಲಿರುವ ಪಕ್ಷವೇ ಕ್ಷೇತ್ರಗಳ ಗಡಿ ಎಳೆಯುತ್ತದಂತೆ. 2025ರ ಟೆಕ್ಸಸ್, ಕ್ಯಾಲಿಫೋರ್ನಿಯಾ ಗಲಾಟೆಯ ಸುದ್ದಿ ಓದಿದೆ. ಕ್ಷೇತ್ರದ ಆಕಾರ ವಕ್ರವಾಗಿದ್ದರೆ ಮೋಸ ಎಂದು ಹೇಳಿಬಿಡಬಹುದಲ್ಲವೇ?

ಉತ್ತರ: ಹೇಳಲಾಗದು. ಈ ಪ್ರಶ್ನೆ ಬಂದಾಗಲೆಲ್ಲ ಜೊತೆಗೊಂದು ಹಾವಿನಂಥ ಕ್ಷೇತ್ರದ ಚಿತ್ರವೂ ಬರುತ್ತದೆ. ಚಿತ್ರಕ್ಕೆ ಬಾಣ ಹಾಕಿ ವಾಟ್ಸ್ಆ್ಯಪ್‌ನಲ್ಲಿ ಹರಿಬಿಡುವ ‘ವಿಶ್ಲೇಷಕ’ರು ಒಮ್ಮೆಯಾದರೂ ಮತ ಎಣಿಸಿದರೆ ಒಳ್ಳೆಯದು.

ಎಣಿಸೋಣ. ತಲಾ 100 ಮತಗಳ ಐದು ಕ್ಷೇತ್ರ. ಒಟ್ಟು ನೀಲಿ ಪಕ್ಷಕ್ಕೆ 270, ಕೆಂಪಿಗೆ 230. ಪೆನ್ಸಿಲ್ ಕೆಂಪಿನವರ ಕೈಲಿದೆ. ಅವರು ನೀಲಿಯ 90 ಮತಗಳನ್ನು ಒಂದೇ ಕ್ಷೇತ್ರಕ್ಕೆ ತುರುಕುತ್ತಾರೆ. ಉಳಿದ 180ನ್ನು ನಾಲ್ಕು ಕಡೆ 45ರಂತೆ ಚದುರಿಸುತ್ತಾರೆ. ನಾಲ್ಕರಲ್ಲೂ ಕೆಂಪು 55–45ರಿಂದ ಗೆಲ್ಲುತ್ತದೆ: ಶೇ 46 ಮತ, ಐದರಲ್ಲಿ ನಾಲ್ಕು ಸೀಟು. ಸೋತ ಮತಗಳನ್ನೂ ಗೆದ್ದಲ್ಲಿ 50 ಮೀರಿದ ಮತಗಳನ್ನೂ ವ್ಯರ್ಥವೆಂದು ಹಿಡಿದರೆ ನೀಲಿಯದು 220, ಕೆಂಪಿನದು ಬರೀ 30. ಅಂತರ 190, ಅಂದರೆ ಒಟ್ಟು ಮತದ ಶೇ 38. ಕ್ಷೇತ್ರಗಳು ಚೆಸ್ ಮಣೆಯಷ್ಟು ಚೌಕವಾಗಿದ್ದರೂ ಈ ಲೆಕ್ಕ ಬದಲಾಗದು. (ದುರಾಸೆಗೆ ಬೆಲೆಯೂ ಇದೆ: ಆ ನಾಲ್ಕು ಕಡೆ ನೂರಕ್ಕೆ ಆರು ಜನ ಮನಸ್ಸು ಬದಲಿಸಿದರೆ ನಾಲ್ಕೂ ಒಟ್ಟಿಗೇ ಕೈಬಿಡುತ್ತವೆ.)

ನಾರ್ತ್ ಕ್ಯಾರೊಲಿನಾ ನೋಡಿ. 1990ರ ದಶಕದಲ್ಲಿ ಅದರ 12ನೇ ಕ್ಷೇತ್ರ ಐ-85 ಹೆದ್ದಾರಿಗುಂಟ ಹರಿದ ಹಾವು. ಅದನ್ನು ಎಳೆದದ್ದು ಕರಿಯ ಮತದಾರರು ಬಹುಸಂಖ್ಯೆಯಲ್ಲಿರುವ ಕ್ಷೇತ್ರವೊಂದು ಆಗಲೆಂದು. 2016ರ ನಕ್ಷೆ ಕಣ್ಣಿಗೆ ಅಚ್ಚುಕಟ್ಟು. ಆದರೆ ಮರುವಿಂಗಡಣೆ ಸಮಿತಿಯ ಸಹ ಅಧ್ಯಕ್ಷ ಡೇವಿಡ್ ಲೂಯಿಸ್, ರಿಪಬ್ಲಿಕನ್ನರಿಗೆ 11–2 ಸಾಧ್ಯವಾಗದ ಕಾರಣ 10–3 ಬರುವಂತೆ ಎಳೆಯೋಣ ಎಂದು ಸಭೆಯಲ್ಲೇ ಹೇಳಿದ್ದರು. ಗ್ರೀನ್ಸ್‌ಬರೊದ ಎ ಆ್ಯಂಡ್ ಟಿ ವಿಶ್ವವಿದ್ಯಾಲಯದ ಕ್ಯಾಂಪಸ್ಸನ್ನೇ ಗೆರೆಯೊಂದು ಎರಡು ಕ್ಷೇತ್ರಗಳಿಗೆ ಹಂಚಿತು. ಆ ವರ್ಷ ರಿಪಬ್ಲಿಕನ್ನರಿಗೆ ಸುಮಾರು ಶೇ 53 ಮತ, 13ರಲ್ಲಿ 10 ಸೀಟು.

ಮೋಸ ಹಿಡಿಯುವುದು ಹೋಲಿಕೆಯಿಂದ. ಸಮ ಜನಸಂಖ್ಯೆ, ಒತ್ತಾದ ಆಕಾರ, ಜಿಲ್ಲಾ ಗಡಿಯಂಥ ನಿಯಮಗಳನ್ನಷ್ಟೇ ಕೊಟ್ಟು, ಪಕ್ಷದ ಮಾಹಿತಿ ಕೊಡದೆ ಕಂಪ್ಯೂಟರಿನಿಂದ ಸಾವಿರಾರು ನಕ್ಷೆ ಎಳೆಸಿ, ಹಳೆಯ ಮತಗಳನ್ನು ಅವುಗಳಲ್ಲಿ ಎಣಿಸಬೇಕು. ಒಂದೇ ಚುನಾವಣೆಯ ಮತ ಸಾಲದು. ರಾಜ್ಯಶಾಸ್ತ್ರಜ್ಞ ಜೋವಿ ಚೆನ್ ನಾರ್ತ್ ಕ್ಯಾರೊಲಿನಾಕ್ಕೆ ಹೀಗೆ 3,000 ನಕ್ಷೆ ಮಾಡಿದರು; ಪ್ರತಿಯೊಂದರಲ್ಲೂ ಡೆಮಾಕ್ರಟರಿಗೆ 2016ರ ಅಸಲಿ ನಕ್ಷೆಗಿಂತ ಒಂದಾದರೂ ಹೆಚ್ಚು ಸೀಟು. ಆದರೂ 2019ರಲ್ಲಿ ಸುಪ್ರೀಂ ಕೋರ್ಟ್, ಪಕ್ಷಪಾತದ ನಕ್ಷೆ ಫೆಡರಲ್ ಕೋರ್ಟುಗಳ ಕೆಲಸವಲ್ಲ ಎಂದು 5–4ರಿಂದ ಕೈತೊಳೆದುಕೊಂಡಿತು. ಉಳಿದದ್ದು ರಾಜ್ಯದ ಕೋರ್ಟು. 2022ರಲ್ಲಿ ಕೋರ್ಟಿನ ನಕ್ಷೆಯಲ್ಲಿ ಫಲಿತಾಂಶ 7–7. ಶಾಸಕರು 2023ರಲ್ಲಿ ಮತ್ತೆ ಎಳೆದರು, 2024ರಲ್ಲಿ ರಿಪಬ್ಲಿಕನ್ನರಿಗೆ 10–4.

ಪ್ರಶ್ನೆ: ಶೇ 35 ಮತ ಪಡೆದವರಿಗೆ ಶೇ 35 ಸೀಟು ಸಿಗಬೇಕಲ್ಲವೇ?

ಉತ್ತರ: ಒಂದು ಕ್ಷೇತ್ರಕ್ಕೆ ಒಬ್ಬನೇ ಗೆಲ್ಲುವ ಪದ್ಧತಿ ಆ ಭರವಸೆ ಕೊಟ್ಟೇ ಇಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಮೂರರಲ್ಲೊಂದು ಪಾಲು ರಿಪಬ್ಲಿಕನ್ ಮತವಿದ್ದರೂ 1994ರ ನಂತರ ಅಲ್ಲಿಂದ ಒಬ್ಬ ರಿಪಬ್ಲಿಕನ್ನನೂ ಪ್ರತಿನಿಧಿ ಸಭೆಗೆ ಗೆದ್ದಿಲ್ಲ. ಆ ಮತ ರಾಜ್ಯದ ತುಂಬ ಸಮವಾಗಿ ಹರಡಿದೆ. ಎಲ್ಲಿ ಗೆರೆ ಎಳೆದರೂ ಬಹುಮತ ಕೂಡುವುದು ಕಷ್ಟ.

ಪ್ರಶ್ನೆ: ಕಂಪ್ಯೂಟರಿಗೇ ಬಿಟ್ಟರೆ?

ಉತ್ತರ: ಕೆಟ್ಟ ನಕ್ಷೆಗಳನ್ನು ಎಳೆದದ್ದೂ ಕಂಪ್ಯೂಟರೇ.

ಪ್ರಶ್ನೆ: ಸೆನೆಟ್ ಕ್ಷೇತ್ರಗಳನ್ನೂ ಹೀಗೆ ತಿರುಚುತ್ತಾರೆಯೇ?

ಉತ್ತರ: ಅಲ್ಲಿ ರಾಜ್ಯವೇ ಕ್ಷೇತ್ರ. ಮುಂದಿನ ಪ್ರಶ್ನೆ.

ಪ್ರಶ್ನೆ: ನಮ್ಮ 28 ಲೋಕಸಭಾ ಸ್ಥಾನಗಳ ಜಗಳವೂ ಇದೇ ತಾನೇ?

ಉತ್ತರ: ಅಲ್ಲ. ಅದು ಯಾವ ರಾಜ್ಯಕ್ಕೆ ಎಷ್ಟು ಸೀಟು ಎಂಬ ಜಗಳ. 1971ರ ಜನಗಣತಿಯ ಮೇಲಿನ ಪಾಲನ್ನು 1976ರ 42ನೇ ತಿದ್ದುಪಡಿ ಹಿಡಿದಿಟ್ಟಿತು. ರಾಜ್ಯದೊಳಗಿನ ಗೆರೆ ಬೇರೆ ವಿಷಯ. 2008ರಲ್ಲಿ ಜಾರಿಗೆ ಬಂದ ಗಡಿಗಳನ್ನು ಎಳೆದದ್ದು ಕ್ಷೇತ್ರ ಮರುವಿಂಗಡಣೆ ಆಯೋಗ. ಅದರಲ್ಲಿ ಶಾಸಕ, ಸಂಸದರು ಮತದ ಹಕ್ಕಿಲ್ಲದ ಸಹ ಸದಸ್ಯರು ಮಾತ್ರ. ಪಕ್ಷವೇ ಪೆನ್ಸಿಲ್ ಹಿಡಿದಿದೆ ಎನ್ನುವವರು ಮೊದಲು ಮರುವಿಂಗಡಣೆ ಕಾಯ್ದೆ ಓದಲಿ.