ಜೀನ್ಸ್ ಹೊಲಿಯೋ ಕೈಗೆ ನಾಟಕದ ಬಟ್ಟೆ ಒಗ್ಗುತ್ತಾ?

ಪ್ರಶ್ನೆ: ಅಕ್ಕಾ, ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಹೊಲಿಗೆ ಕೆಲಸ ಮಾಡ್ತೀನಿ. ಪಿಯುಸಿ ಆಗಿದೆ. ರಾಘವ ಕಲಾಮಂದಿರದಲ್ಲಿ ನಾಟಕ ಇದ್ದರೆ ತಪ್ಪಿಸೋದಿಲ್ಲ. ನಾಟಕಗಳಿಗೆ ವಸ್ತ್ರವಿನ್ಯಾಸ ಮಾಡಬೇಕು ಅಂತ ಆಸೆ. ಮನೆಯಲ್ಲಿ ‘ಅದರಿಂದ ಹೊಟ್ಟೆ ತುಂಬುತ್ತಾ?’ ಅಂತಾರೆ. ಕೆಲಸ ಬಿಟ್ಟು ಕೋರ್ಸ್ ಸೇರಲಾ?
– ಓದುಗಿ, ಕೌಲ್‌ಬಜಾರ್, ಬಳ್ಳಾರಿ

ಉತ್ತರ: ತಂಗಿ, ಮೊದಲು ಮನೆಯವರ ಪ್ರಶ್ನೆಗೆ ಬರ್ತೀನಿ. ಬರೀ ನಾಟಕ ನಂಬಿದರೆ ತಿಂಗಳು ತಿಂಗಳು ಸಂಬಳ ಬರೋದಿಲ್ಲ. ಹವ್ಯಾಸಿ ತಂಡಗಳಲ್ಲಿ ಬಟ್ಟೆಗೆ ಅಂತ ಎತ್ತಿಟ್ಟ ದುಡ್ಡು ಎಷ್ಟೋ ಸಲ ಲೈಟಿಗೋ ಊಟಕ್ಕೋ ಹೋಗಿರುತ್ತದೆ. ಇಷ್ಟು ವರ್ಷ ಈ ವಸ್ತ್ರವಿನ್ಯಾಸದ ಕೆಲಸದಲ್ಲಿದ್ದರೂ ಮದುವೆ ಸೀಸನ್ನಿನಲ್ಲಿ ಬ್ಲೌಸ್ ಹೊಲಿಯೋದನ್ನು ನಾನಿನ್ನೂ ಬಿಟ್ಟಿಲ್ಲ. ನೀನೂ ಸದ್ಯಕ್ಕೆ ಮಷೀನು ಬಿಡಬೇಡ.

ಆದರೆ ನಿನ್ನ ಕೆಲಸ ಸಣ್ಣದು ಅಂದುಕೋಬೇಡ. ಹೊಸ ಜೀನ್ಸನ್ನು ಉಜ್ಜಿ, ತೊಳೆದು, ವರ್ಷಗಟ್ಟಲೆ ತೊಟ್ಟ ಹಾಗೆ ಮಾಡೋದು ನಿಮ್ಮೂರಿನಲ್ಲಿ ದಿನನಿತ್ಯದ ಮಾತು, ಅಲ್ವಾ? ರಂಗದ ಮೇಲೆ ಅದು ದೊಡ್ಡ ಕಸುಬು. ಹಮಾಲನ ಪಾತ್ರಕ್ಕೆ ಅಂಗಡಿಯಿಂದ ತಂದ ಅಂಗಿ ಹಾಗೇ ತೊಡಿಸಿದರೆ ಜನ ನಂಬೋದಿಲ್ಲ. ಮೂಟೆ ಹೊರುವವನ ಅಂಗಿ ಎಲ್ಲಿ ಸವೆಯುತ್ತದೆ? ಎಪಿಎಂಸಿಗೆ ಹೋಗಿ ನೋಡು. ಹೆಗಲು, ಕಾಲರಿನ ಮಡಿಕೆ, ಬೆನ್ನಿನ ಮೇಲ್ಭಾಗ. ಅಲ್ಲಷ್ಟೇ ಸ್ಯಾಂಡ್‌ಪೇಪರ್ ಹಿಡಿ. ಇಡೀ ಅಂಗಿ ಉಜ್ಜಿದರೆ ಫ್ಯಾಷನ್ ಆಗುತ್ತದೆ, ಹಮಾಲನ ಅಂಗಿ ಆಗೋದಿಲ್ಲ.

ನಿನಗೆ ಗೊತ್ತಿಲ್ಲದ್ದು ಬೆಳಕು. ಹಸಿರು ಲೈಟಿನಲ್ಲಿ ಕೆಂಪು ಸೀರೆ ಕಪ್ಪಗೆ ಕಾಣುತ್ತದೆ. ಅಚ್ಚ ಬಿಳಿ ಪಂಚೆ ಕಣ್ಣಿಗೆ ಹೊಡೆದು, ನಟನ ಮುಖದ ಮೇಲೆ ಗಮನವೇ ನಿಲ್ಲೋದಿಲ್ಲ. ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗಿ, ಹದಕ್ಕೆ ಬರುತ್ತದೆ.

ಇನ್ನೊಂದು, ಅವಸರ. ಎರಡು ದೃಶ್ಯದ ನಡುವೆ ವೇಷ ಬದಲಿಸೋ ನಟನಿಗೆ ಸಾಲಾಗಿ ಗುಂಡಿ ಇಟ್ಟರೆ ಅವನು ವಿಂಗ್‌ನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ ನಿಂತು ನಿನಗೇ ಬೈತಾನೆ. ಮೇಲೆ ತೋರಿಕೆಗೆ ಗುಂಡಿ, ಒಳಗೆ ಪ್ರೆಸ್ ಬಟನ್ ಇಡು. ವೆಲ್ಕ್ರೋ ಸುಲಭ ನಿಜ, ಆದರೆ ರಂಗ ನಿಶ್ಶಬ್ದವಾಗಿರುವಾಗ ಅದು ‘ಪರ್’ ಅಂದರೆ ಹಿಂದಿನ ಸಾಲಿಗೂ ಕೇಳುತ್ತದೆ. ಒಳಹೊಲಿಗೆಯಲ್ಲಿ ಧಾರಾಳವಾಗಿ ಬಟ್ಟೆ ಬಿಡು. ಯೂನಿಟ್‌ನಲ್ಲಿ ಬಟ್ಟೆ ಉಳಿಸಿದರೆ ಮೆಚ್ಚುತ್ತಾರೆ, ಇಲ್ಲಿ ಅದೇ ಪಾತ್ರಕ್ಕೆ ಮುಂದಿನ ಸಲ ದಪ್ಪ ನಟ ಬರ್ತಾನೆ.

ನಮ್ಮ ಕಡೆ ದೊಡ್ಡಾಟ ಇದ್ದಾಗ ಆಟಕ್ಕಿಂತ ಮುಂಚೆ ಚೌಕಿಗೆ, ಅಂದರೆ ವೇಷ ಕಟ್ಟೋ ಜಾಗಕ್ಕೆ ಹೋಗಿ, ಕೇಳಿಕೊಂಡು ಒಂದು ಮೂಲೆಯಲ್ಲಿ ಕೂತ್ಕೋ. ಹೆಗಲ ಮೇಲೆ ಕಟ್ಟೋ ಭುಜಕೀರ್ತಿಯ ಹೊಳಪು ನೋಡಿ ಮರುಳಾಗಬೇಡ. ಅದನ್ನು ಕಟ್ಟೋ ದಾರ ಎಲ್ಲಿ ಹಾಯುತ್ತದೆ, ಗಂಟು ಎಲ್ಲಿ ಬೀಳುತ್ತದೆ, ಅದನ್ನು ನೋಡು. ರಾತ್ರಿಯಿಡೀ ಕುಣಿದರೂ ಜಾರಬಾರದಲ್ಲ!

ಕೋರ್ಸ್ ಬಗ್ಗೆ: ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ 3 ವರ್ಷದ ಕೋರ್ಸಿಗೆ ಪದವಿ ಬೇಕು. ಅಂಚೆ ಶಿಕ್ಷಣದಲ್ಲಾದರೂ ಬಿ.ಎ. ಶುರು ಮಾಡು. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ, ಅವರ ಪ್ರಕಟಣೆ ಬಂದಾಗ ಅರ್ಹತೆ ನೋಡಿಕೋ. ಅಲ್ಲಿ ವಸ್ತ್ರವಿನ್ಯಾಸ ಒಂದೇ ಅಲ್ಲ, ನಟನೆಯನ್ನೂ ಮಾಡಬೇಕು. ನನ್ನ ಪ್ರಕಾರ ಅದೇ ಒಳ್ಳೇದು. ಬಿಗಿ ಕುಪ್ಪಸ ತೊಟ್ಟು ರಂಗದ ಮೇಲೆ ಒಮ್ಮೆ ನೀನೇ ಓಡಿದರೆ ಮುಂದೆ ಯಾರ ಕಂಕುಳನ್ನೂ ಬಿಗಿಯಾಗಿ ಹೊಲಿಯೋದಿಲ್ಲ.

ಅಲ್ಲಿಯವರೆಗೆ ಬಳ್ಳಾರಿಯ ಯಾವುದಾದರೂ ತಂಡದ ತಾಲೀಮಿಗೆ ಹೋಗು. ನಾಟಕ ಓದಿ, ಯಾವ ದೃಶ್ಯದಲ್ಲಿ ಯಾರು ಏನು ತೊಡ್ತಾರೆ ಅಂತ ಒಂದು ಪಟ್ಟಿ ಮಾಡಿ ನಿರ್ದೇಶಕರಿಗೆ ತೋರಿಸು. ಕೆಲಸ ಕೊಟ್ಟರೆ ಬಟ್ಟೆಯ ಖರ್ಚು ಬೇರೆ, ನಿನ್ನ ಕೂಲಿ ಬೇರೆ ಅಂತ ಮೊದಲೇ ಬರೆಸಿಕೋ. ನಾಟಕ ಮುಗಿದ ಮೇಲೆ ಕೇಳಿದರೆ ಶಾಲು ಹೊದಿಸಿ ಕಳಿಸ್ತಾರೆ.